ನೀಲಿ ಕಾಗದ

ಯಾನಿನಾ, ಆ ಅಚ್ಚು ಕೆಳಗಿಡು, ಹೇಳುತ್ತೇನೆ.
ನಿನ್ನ ಮನಸ್ಸಿನ ಡಾಕ್ಟರು ಒಳ್ಳೆಯವರೋ ಅಲ್ಲವೋ
ನನಗೇನು ಗೊತ್ತು? ಕಟ್ಟುಹಲ್ಲು ಮಾಡುವವಳು ನಾನು.
ಇಪ್ಪತ್ತಾರು ವರ್ಷದಿಂದ ಈ ರೊಸಾರಿಯೊದಲ್ಲಿ
ಅರ್ಧ ಬೀದಿ ನನ್ನ ಹಲ್ಲಿನಿಂದಲೇ ನಗುತ್ತದೆ.

ಮೊದಲನೆಯವರ ಹತ್ತಿರ ನಾಲ್ಕು ವರ್ಷ ಹೋದೆ.
ಚರ್ಮದ ಸೋಫಾ, ಕಿಟಕಿ ತುಂಬ ಜಕರಂದ,
ದನಿಯಂತೂ ಬೆಚ್ಚಗಿನ ಹಾಲು.
"ನಿಮ್ಮ ತಪ್ಪೇನೂ ಇಲ್ಲ, ನೆಲಿದಾ" ಅನ್ನುತ್ತಿದ್ದರು ವಾರವಾರ.
ಹಗುರಾಗಿ ಮೆಟ್ಟಿಲಿಳಿಯುತ್ತಿದ್ದೆ,
ಬಸ್ ಸ್ಟಾಪಿನವರೆಗೂ ಹಗುರ.
ಮನೆಯಲ್ಲಿ ತುಲಿಯೋನ ಕೋಟು
ಬಾಗಿಲ ಹಿಂದೆ ಹಾಗೇ ನೇತಾಡುತ್ತಿತ್ತು.
ನಾನೂ ಹಾಗೇ, ಸುತ್ತುದಾರಿ ಹಿಡಿದು
ಪರಾನಾ ನದಿ ಕಣ್ಣಿಗೆ ಬೀಳದಂತೆ ಕೆಲಸಕ್ಕೆ ಬರುತ್ತಿದ್ದೆ.
ಒಮ್ಮೆ ಅವರು ನನ್ನ ತಮ್ಮನನ್ನು ಅಣ್ಣ ಅಂದರು.
ತಿದ್ದಲಿಲ್ಲ. ಪಾಪ, ಬೇಜಾರಾದೀತು ಅಂತ.
ಆಗಲೇ ತಿಳಿಯಬೇಕಿತ್ತು ನೋಡು:
ಅವರ ಮನಸ್ಸು ಕಾಯುವ ಕೆಲಸವನ್ನು
ಕೈಯಿಂದ ದುಡ್ಡು ಕೊಟ್ಟು ಮಾಡುತ್ತಿದ್ದೆ.

ಗಾಜಿನ ಕಪಾಟಿನಲ್ಲಿಟ್ಟ ಸೆಟ್ಟು ಅದು.
ಹೊಳಪೆಂದರೆ ಹೊಳಪು. ಅಗಿಯಲು ಬಾರದು.

ಈಗಿನವರು ಅಂಪಾರೋ. ಸೈಕಲ್ ರಿಪೇರಿ ಅಂಗಡಿಯ ಮಾಳಿಗೆ,
ಕೆಳಗಿಂದ ಸೊಲ್ಯೂಷನ್ನಿನ ವಾಸನೆ.
ಐದನೇ ವಾರವೋ ಆರನೆಯದೋ, ಕೇಳಿದರು:
"ದೋಣಿಯ ಕೀಲಿ ಅವನ ಕೈಗೆ ಕೊಡುವಾಗ
ಮೋಟಾರು ಸರಿಯಿಲ್ಲ ಅಂತ ಗೊತ್ತಿತ್ತೆ ನಿಮಗೆ?"

ಎದ್ದು ಬಂದೆ. ಬಾಗಿಲು ಬಡಿದ ರಭಸಕ್ಕೆ
ಕೆಳಗೆ ಯಾವುದೋ ಚಕ್ರ ಉರುಳಿ ಬಿತ್ತು.
ಮೂರು ವಾರ ಆ ಕಡೆ ತಲೆ ಹಾಕಲಿಲ್ಲ.
ಬೈದೆ, ಬಾಯಿಗೆ ಬಂದದ್ದೆಲ್ಲ, ಪಾತ್ರೆ ತೊಳೆಯುತ್ತ.

ಹೋದಾಗ ಕುರ್ಚಿ ಅಲ್ಲೇ ಇತ್ತು.
"ಬೇಗ ಕೇಳಿಬಿಟ್ಟೆ, ಅದು ನನ್ನ ತಪ್ಪು" ಅಂದರು.
ಪ್ರಶ್ನೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.
ಆಮೇಲೆ, ಮೆಲ್ಲಗೆ: "ಎಲ್ಲಿ ಒತ್ತುತ್ತೆ?"

ನಗಬೇಡ, ಅದು ನಮ್ಮ ಮಾತು!
ಹೊಸ ಸೆಟ್ಟು ಕೂರಿಸಿ, ನೀಲಿ ಕಾಗದ ಕಚ್ಚಿಸಿ,
ಕಲೆ ಬಿದ್ದ ಕಡೆ ಕೂದಲೆಳೆಯಷ್ಟು ಉಜ್ಜಿ,
ಮತ್ತೆ ಕಚ್ಚಿಸಿ, ಮತ್ತೆ ಕೇಳುವುದಿಲ್ಲವೆ ನಾವು?
ನೋವೆಲ್ಲ ಒಳ್ಳೆಯದಲ್ಲ ಮಾರಾಯ್ತಿ,
ಹುಣ್ಣು ಮಾಡುವ ಹಲ್ಲೂ ಉಂಟು,
ಅಂಥದ್ದನ್ನು ಉಗಿದುಬಿಡು, ಹಣ ಹೋದರೆ ಹೋಯಿತು.
ಒತ್ತುತ್ತೆ ಅಂದರೆ
"ನಿಮ್ಮ ವಸಡೇ ಸರಿಯಿಲ್ಲ" ಅನ್ನುವವರು ಬೇರೆ,
ಅರ ಕೈಗೆತ್ತಿಕೊಳ್ಳುವವರು ಬೇರೆ.

ಗೊತ್ತಿತ್ತು. ಹೇಳಿಯೂ ಹೇಳಿದೆ, ಒಂದು ಮಂಗಳವಾರ.
ಮೋಟಾರು ಕೆಮ್ಮುತ್ತಿತ್ತು, ನನಗೆ ಗೊತ್ತಿತ್ತು.
ಅವರು ಕ್ಷಮಿಸಲಿಲ್ಲ, ಅಯ್ಯೋ ಹಾಗೇನಿಲ್ಲ ಎನ್ನಲೂ ಇಲ್ಲ.
ಕೆಳಗೆ ಯಾರೋ ಟ್ಯೂಬಿಗೆ ಗಾಳಿ ತುಂಬುತ್ತಿದ್ದರು.
ಆ ದಿನ ಹಗುರಾಗಲಿಲ್ಲ,
ಬಸ್ ಸ್ಟಾಪಿಗೆ ಸಾಲುವಷ್ಟೂ.

ಮೊನ್ನೆ ಅವರೇ ಅಂದರು,
ಇನ್ನು ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕೇನೋ.
ಕೋಟೇ? ಇದೆ ಇನ್ನೂ, ಅಲ್ಲೇ.
ಆದರೆ ನಿನ್ನೆ, ಇಲ್ಲಿ ಬಂದು ಏಪ್ರನ್ ಕಟ್ಟಿ
ಗಡಿಯಾರ ನೋಡಿದರೆ ಹತ್ತು ನಿಮಿಷ ಮುಂಚೆ.
ಹೇಗಪ್ಪಾ ಅಂತ ಲೆಕ್ಕ ಹಾಕಿದೆ.
ನದಿಯ ದಾರಿಯಲ್ಲಿ ಬಂದಿದ್ದೆ.

ಕೊಡು ಇತ್ತ ಆ ಅಚ್ಚು. ಯಾರದಿದು,
ನಿದ್ದೆಯಲ್ಲಿ ಹಲ್ಲು ಕಡಿಯುವವರದು.