ಠ ಒಳಗಿನ ಚುಕ್ಕೆ

ಮಂಗಳವಾರ ಬೈಕಿನ ಹುಡುಗ ತಂದುಕೊಟ್ಟ
ಆರು ತಿಂಗಳ ನೋಟ:
ಸೋಪಿನಷ್ಟು ದಪ್ಪದ ಎರಡು ಡಬ್ಬಿ.
ಬಲಕ್ಕೆ ಮೈನಸ್ ಐದೂವರೆ, ಎಡಕ್ಕೆ ಆರೂಕಾಲು.
ಓಟಿಪಿ ಹೇಳಿದೆ, ಬಾಗಿಲು ಹಾಕಿಕೊಂಡೆ.
ಅಂಗಡಿಗಿಂತ ಒಂಬೈನೂರು ಕಮ್ಮಿ.
ಒಂಬೈನೂರೆಂದರೆ ಚೆಂಬೂರಿನಲ್ಲಿ
ಹದಿನೈದು ದಿನದ ಹಾಲು. ನಾಚಿಕೆ ಯಾಕೆ?

ಒಂದೇ ಪ್ರಶ್ನೆ ಕೇಳಿತ್ತು ಫೋನು:
ಈ ವರ್ಷ ಕಣ್ಣು ತೋರಿಸಿದ್ದೀರಾ?
ಚೌಕದೊಳಗೆ ಟಿಕ್ ಒತ್ತಿದೆ.
ನಂಬಿತು. ಪಾಪ, ಅದಕ್ಕೆ ಕಣ್ಣಿಲ್ಲ.

ಬೋರಾ ಬಜಾರಿನ ಮುಫದ್ದಲ್ ಚಶ್ಮಾವಾಲಾ
ಅಷ್ಟು ಸುಲಭಕ್ಕೆ ನಂಬುವವರಲ್ಲ.
ಇಪ್ಪತ್ತಾರು ವರ್ಷದ ಕೆಳಗೆ
ಮೊದಲ ಲೆನ್ಸ್ ಹಾಕಿಸಿಕೊಂಡದ್ದು ಅವರಲ್ಲೇ,
ಚಂದಕ್ಕಲ್ಲ, ಕಬಡ್ಡಿಗೆ.
ಲಾಡಿ ಕಟ್ಟಿದ ಕನ್ನಡಕದಲ್ಲಿ ರೇಡಿಗೆ ಹೋದರೆ
ಲಾಲ್‌ಬಾಗಿನ ಹುಡುಗಿಯರು
ಕಾಲು ಬಿಟ್ಟು ಅದನ್ನೇ ಹಿಡಿಯುತ್ತಿದ್ದರು.

ಮುಕ್ಕಾಲು ಗಂಟೆ ಕೂರಿಸಿ ಕಲಿಸಿದರು:
ಕೆಳಗಿನ ರೆಪ್ಪೆ ಎಳಿ, ಮೇಲೆ ನೋಡು, ಉಸಿರು ಬಿಡು.
ಉಸಿರು ಬಿಟ್ಟರೆ ಔಟು ಎಂದು ಕಲಿತವಳಿಗೆ!

ಗೋಡೆಯ ಇಂಗ್ಲಿಷ್ ಅಕ್ಷರ ನನ್ನ ಬಾಯಲ್ಲಿ ತಡವರಿಸಿದಾಗ
ಡ್ರಾಯರಿನ ತಳದಿಂದ ತೆಗೆದರು ಒಂದು ರಟ್ಟು.
ಕ್ಯಾಂಟೀನ್ ಹುಡುಗರಿಗೆಂದು
ರಾತ್ರಿಶಾಲೆಯ ಮೇಷ್ಟ್ರೊಬ್ಬರು ಬರೆದುಕೊಟ್ಟ ಕನ್ನಡ.
ಮೇಲೆ ಬೋಗುಣಿಯಷ್ಟು ದೊಡ್ಡ ಅ,
ಇಳಿಯುತ್ತ ಇಳಿಯುತ್ತ ಕಡೆಗೆ ಇರುವೆಸಾಲು:
ಠ ರ ಷ ಪ ಸ ನ.
‘ಓದಲು ನನಗೆ ಬರದು, ಕೇಳಲು ಬರುತ್ತದೆ.
ಎರಡನ್ನೂ ರ ಅಂದರೆ
ನಂಬರು ಏರಿದೆ ಅಂತ ಲೆಕ್ಕ.’

ಒಮ್ಮೆ ಪ್ರಭಾದೇವಿಯ ಅಂಕಣದಲ್ಲಿ ಲೆನ್ಸ್ ಹಾರಿತು.
ಎರಡೂ ತಂಡ ಮಂಡಿಯೂರಿ ಹುಡುಕಿತು,
ಸೀಟಿ ಬಾಯಲ್ಲಿಟ್ಟುಕೊಂಡೇ ರೆಫರಿ ಕೂಡ.
ಸಿಗಲಿಲ್ಲ. ಮುಫದ್ದಲ್‌ಭಾಯಿ ಒಂಟಿ ಲೆನ್ಸ್ ಕೊಟ್ಟರು,
ಹೆಸರಿಲ್ಲದ ಪುಟ್ಟ ಸೀಸೆಯಲ್ಲಿ,
ದುಡ್ಡು ಪಗಾರದ ದಿನಕ್ಕೆ.
ಈಗ ಒಂಟಿ ಯಾರೂ ಮಾರುವುದಿಲ್ಲ.

ಶನಿವಾರ ಹೋದೆ. ಎಡಗಣ್ಣು ದಾಳಿಂಬೆ.
ಡಬ್ಬಿಯ ವಿಷಯ ನಾನು ಹೇಳಲಿಲ್ಲ,
ಅವರು ಕೇಳಲಿಲ್ಲ.
ರಟ್ಟು ಹಿಡಿದರು. ಗಡಗಡ ಹೇಳಿದೆ ಕೊನೆತನಕ,
ಠ ರ ಷ ಪ ಸ ನ.
‘ಶಾಬಾಶ್ ಬೇಟಾ,
ನನ್ನ ಅಂಗೈ ತೂರಿಕೊಂಡು ಓದಿದೆ.’
ಕಡೆಯ ಸಾಲನ್ನು ಪೂರಾ ಮುಚ್ಚಿತ್ತು
ಫ್ರೇಮಿನ ಕಿಲುಬು ಮೆತ್ತಿದ ಕೈ.

ಮತ್ತೆ ಮೊದಲಿಂದ. ಅ. ಬೋಗುಣಿ.

ಚೀಟಿಯಲ್ಲಿ ಪವರ್ ಬರೆದರು.
ಬಾಗಿನ ಅಳತೆಯ ಜಾಗ ಖಾಲಿ, ಎಂದಿನ ಹಾಗೆ.
ಆ ಒಂದು ಅಂಕಿಯ ಮೇಲೆ ನಿಂತಿದೆ ಅವರ ಅಂಗಡಿ;
ಅದು ಗೊತ್ತಿಲ್ಲದೆ ಬೇರೆಡೆ ಕೊಳ್ಳುವಂತಿಲ್ಲ.
ನಾನು ಅಂದಾಜಿಗೆ ಒತ್ತಿ ಕೊಂಡಿದ್ದೆ.
‘ಅದನ್ನೂ ಬರೆಯಿರಿ’ ಅಂದೆ.
ಪೆನ್ನು ನಿಂತಿತು. ಮೇಲೆ ಫ್ಯಾನು ಮಾತ್ರ ತಿರುಗುತ್ತಿತ್ತು.
ಬರೆದರು. ಎಂಟು ಚುಕ್ಕೆ ನಾಲ್ಕು.
ನಾನು ಒತ್ತಿದ್ದು ಎಂಟು ಚುಕ್ಕೆ ಎಂಟು.

ಮುನ್ನೂರು ತೆಗೆದುಕೊಂಡರು, ಚಿಲ್ಲರೆ ಎಣಿಸಿದರು.
‘ಹತ್ತು ದಿನ ಚಶ್ಮಾ.
ಆಮೇಲೆ ಎಲ್ಲಿಂದಾದರೂ ತಗೋ.’

ಹಾರ್ಬರ್ ಲೈನಿನ ಗಾಡಿಯಲ್ಲಿ ಹಳೆ ಚಶ್ಮಾ ಏರಿಸಿ
ಫೋನು ತೆಗೆದೆ. ಎಂಟು ಚುಕ್ಕೆ ನಾಲ್ಕು.
ಮತ್ತೆ ಕೇಳಿತು: ಕಣ್ಣು ತೋರಿಸಿದ್ದೀರಾ?
ಈ ಸಲ ನಿಜ.
ನಿಜಕ್ಕೂ ಸುಳ್ಳಿಗೂ ಅದೇ ಟಿಕ್.
ಬೋನಸ್ ಗೆರೆಯ ಮೇಲೆ ಎತ್ತಿದ ಕಾಲಿನ ಹಾಗೆ
ಹೆಬ್ಬೆರಳು ನಿಂತೇ ಇತ್ತು
ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಡಾಕ್‌ಯಾರ್ಡ್ ದಾಟಿ.
ಎದುರಿನ ಹೆಂಗಸಿನ ತೊಡೆಯ ಮೇಲಿಂದ
ಕೂಸೊಂದು ನನ್ನನ್ನೇ ದಿಟ್ಟಿಸುತ್ತಿತ್ತು.
ಎರಡು ಠ.
ಚುಕ್ಕೆ ಸಮೇತ.