ಸೀಮೆಸುಣ್ಣದ ಗೆರೆ

ಪೋಲೆಂಡಿನ ಮೂಡಣ ಅಂಚು. ಬರ್ಚ್ ಮರಗಳ ನಡುವೆ
ಹಸಿರು ಬಳಿದ ಹಲಗೆಯ ಮಸೀದಿ;
ದೂರದಿಂದ ಕಂಡವರು ಕಣಜವೆಂದೇ ತಿಳಿಯುತ್ತಿದ್ದರು.
ನಾವು ತಾತಾರರು. ಹಿರಿಯರ ಭಾಷೆ ಎಂದೋ ಮರೆತವರು.
ಮರೆಯದೆ ಉಳಿಸಿಕೊಂಡದ್ದು ಒಂದು ದಿಕ್ಕು.

ಆ ದಿಕ್ಕು ತಪ್ಪು ಎಂದವಳು ಹಲಿನಾ,
ರಸ್ತೆ ಅಗಲ ಮಾಡಲು ಅಳತೆಗೆ ಬಂದವಳು.
ಮಳೆಯೆಂದು ಒಳಗೆ ಕರೆದು ಚಹಾ ಕೊಟ್ಟಿದ್ದೆವು.
ಮಿಹ್ರಾಬಿನ ಗೂಡು ನೋಡಿದಳು, ಕೈಯ ಯಂತ್ರ ನೋಡಿದಳು,
ಲೋಟಕ್ಕೆ ಹೇಳುವ ಹಾಗೆ ಮೆಲ್ಲಗೆ ಅಂದಳು:
'ಮೆಕ್ಕಾ ಇಲ್ಲಲ್ಲ. ಅಲ್ಲಿ. ಇಪ್ಪತ್ತಮೂರು ಡಿಗ್ರಿ ಎಡಕ್ಕೆ.'
ಎಡಕ್ಕೆ ಇದ್ದದ್ದು ಒಲೆ.

ಇಮಾಮ್ ಬೆಕಿರ್ ನಕ್ಕರು, ಸಕ್ಕರೆ ಮುಂದೆ ಸರಿಸಿದರು.
ಗೊತ್ತಿಲ್ಲ ಎನ್ನುವುದೊಂದು ಅವರಿಗೆ ಗೊತ್ತಿರಲಿಲ್ಲ.
ಹಸು ಕಂದು ಹಾಕಿದರೂ, ಸತ್ತವರು ಕನಸಿಗೆ ಬಂದರೂ
ಉತ್ತರ ಗಡ್ಡದಲ್ಲೇ ಸಿದ್ಧ, ಬಾಚಿದರೆ ಉದುರುವುದು.

ಆ ಚಳಿಗಾಲವಿಡೀ ಮಾತಿಲ್ಲ.
ಶುಕ್ರವಾರ ಹನ್ನೊಂದೇ ಜನ, ಉಣ್ಣೆಯ ಕಾಲ್ಚೀಲಗಳ ಒಂದು ಸಾಲು,
ಮುಂದೆ ಅವರು, ಬೇಲಿಗೂಟದಷ್ಟು ನೆಟ್ಟಗೆ.
ಪರದೆಯ ಸಂದಿಯಿಂದ ಮುದುಕಿ ಫೆಲಿತ್ಸಿಯಾ ಮಾತ್ರ ಕಂಡಳು.
ಫೆಬ್ರವರಿಯಲ್ಲೊಂದು ದಿನ ಬಾಗಿಲಲ್ಲಿ ಹಿಮ ಕೊಡವುತ್ತಾ ಕೇಳಿದಳು:
'ಬೆಕಿರ್, ನಿನ್ನ ಎಡಗಾಲು ಎಲ್ಲಿಗೆ ಹೊರಟಿದೆ?
ಎಲೆ ಉದುರಿದಾಗಿನಿಂದ ನೋಡುತ್ತಿದ್ದೇನೆ.
ಒಂದು ಹೆಬ್ಬೆರಳು ಇತ್ತ, ಒಂದು ಅತ್ತ.'

ಮುಂದಿನ ವಾರ ಪ್ರವಚನದ ಮೆಟ್ಟಿಲು ಹತ್ತಲಿಲ್ಲ.
ನೆಲದ ಮೇಲೆ ನಿಂತರು. 'ಮೂವತ್ತೆಂಟು ವರ್ಷ
ನಿಮ್ಮನ್ನು ತಪ್ಪು ಕಡೆಗೆ ನಿಲ್ಲಿಸಿದೆ.
ನಾಲ್ಕು ತಿಂಗಳಿಂದ ಗೊತ್ತಿದ್ದೂ ನಿಲ್ಲಿಸಿದೆ.
ಮೊದಲನೆಯದರಲ್ಲಿ ನನ್ನಪ್ಪನಿಗೂ ಪಾಲಿದೆ, ಕಟ್ಟಿದ ಬಡಗಿಗೂ ಪಾಲಿದೆ.
ಎರಡನೆಯದು ನನ್ನೊಬ್ಬನದೇ.'

ಯಾರೋ ಕೆಮ್ಮಿದರು. ಒಲೆಯಲ್ಲಿ ಕೊರಡು ಸಿಡಿಯಿತು.
ಜೇನು ಸಾಕುವ ಅಮುರತ್ ಎದ್ದ:
'ಹಾಗಾದರೆ ಅಷ್ಟೂ ನಮಾಜು ಎಲ್ಲಿಗೆ ಹೋಯಿತು?
ಯಾವ ಕೆರೆಗೆ ಬಿತ್ತು? ನನ್ನ ಹೆಂಡತಿಯ ಮುಖ...
ಗುಂಡಿಗಿಳಿದು ನೀವೇ ತಿರುಗಿಸಿದ್ದು, ನಿಮ್ಮ ಕೈಯಾರೆ.'

ಬೆಕಿರ್ ಗಡ್ಡಕ್ಕೆ ಕೈ ಹಾಕಿದರು, ಬರಿಗೈ ಬಂತು.
'ಗೊತ್ತಿಲ್ಲ, ಅಮುರತ್.'
ಕಟ್ಟಿಸಿದ ಹಲ್ಲಿನ ಹಾಗೆ ಆ ಮಾತು
ಬಾಯಲ್ಲಿ ಒಗ್ಗದೆ ಅಲುಗಿತು.
ಮತ್ತೊಮ್ಮೆ ಅಂದರು. ಈ ಸಲ ಕೊಂಚ ಸಲೀಸು.

ಅಮುರತ್ ಹೊರಟುಹೋದ. ಎರಡು ರಂಜಾನ್ ಕಳೆದರೂ ಬರಲಿಲ್ಲ.
ಬಂದಾಗ ಒಂದು ಡಬ್ಬಿ ಜೇನು ಕಿಟಕಿಯಲ್ಲಿಟ್ಟು
ಯಾರನ್ನೂ ನೋಡದೆ ಸಾಲಿಗೆ ಸೇರಿದ.

ಅಷ್ಟರಲ್ಲಿ ನಾವು ಒಲೆಯ ಕಡೆ ಬಾಗುವವರಾಗಿದ್ದೆವು;
'ಚಳಿಗೆ ಧರ್ಮ ಬದಲಿಸಿದರು' ಎಂದು ನೆರೆಮನೆಯವರ ನಗೆ.
ಚೌಕದ ಕೋಣೆಗೆ ಓರೆಯ ಸಾಲು: ಹಿಂದಿನ ಮೂಲೆಯಲ್ಲಿ
ಯಾರೂ ನಿಲ್ಲಲಾಗದ ಒಂದು ಮುಕ್ಕೋನ ಉಳಿಯಿತು.
ಬೆಕ್ಕು ಅಲ್ಲಿ ಮಲಗುತ್ತಿತ್ತು.

ಜಮಖಾನ ಸುತ್ತಿಟ್ಟು ಗೆರೆ ಎಳೆದ ದಿನ
ದಾರದ ಇನ್ನೊಂದು ತುದಿ ಹಿಡಿದವನು ನಾನು, ಒಂಬತ್ತು ವರ್ಷದವನು.
ಗೋಡೆಗೆ ಬಳಿದ ಹಸಿರು ಉಳಿದಿದೆ, ತರಲೇ,
ಗೆರೆ ಗಟ್ಟಿ ನಿಲ್ಲಲಿ, ಎಂದೆ.
'ಬೇಡ' ಅಂದರು, ಮೊಣಕಾಲೂರಿದ್ದರು, 'ಸೀಮೆಸುಣ್ಣ ಸಾಕು.
ಆಕೆಯ ಯಂತ್ರವೂ ಮನುಷ್ಯರು ಮಾಡಿದ್ದೇ.'

ಈಗ ಬೆಕಿರ್ ಇಲ್ಲ. ಯಾವ ಕಡೆಗೆ ಮಲಗಿಸುವುದೆಂದು
ಅರ್ಧ ದಿನ ಜಗಳವಾಡಿದೆವು. ಕೊನೆಗೆ ಅಮುರತನೇ
ದಿಕ್ಸೂಚಿ ಹಿಡಿದು ಬಂದು, ಹೆಂಡತಿಯ ಗೋರಿಯ ಪಕ್ಕ
ಓರೆಯಾಗಿ ಅಗೆದ.

ಗುರುವಾರ ಸಂಜೆ ಗುಡಿಸಿ, ದಾರ ಬಿಗಿದು, ನಾನೇ ಬರೆಯುತ್ತೇನೆ.
ಮರುದಿನವೇ ಕಾಲ್ಚೀಲಗಳು ಒರೆಸಿಬಿಡುತ್ತವೆ.
ಕಳೆದ ವಾರದ ಮಾಸಲು ಬಿಳುಪಿನ ಮೇಲೆ ಈ ವಾರದ್ದು.
ಎಷ್ಟು ಉಸಿರು ಹಿಡಿದು ಎಳೆದರೂ
ಒಂದು ನೂಲು ಆಚೆ, ಇಲ್ಲವೆ ಈಚೆ.