ಖಡಕ್ ರೊಟ್ಟಿ

ಹುನಗುಂದದಿಂದ ತಂದ ನೂರು ರೊಟ್ಟಿ
ವಾಸ್ಕೋದಾಗ ಮೂರ ದಿನಕ್ಕ ಮೆತ್ತಗಾದವು.
ಮುರದ್ರ ಸಪ್ಪಳಿಲ್ಲ,
ಹಸಿ ಅರಬಿಯಂಗ ಮಡಚಿಕೊಂಡು ಬೀಳತಾವ.
ನಮ್ಮತ್ತಿ ಸಾವಂತ್ರೆವ್ವ ಒಂದನ್ನ ಕಿವಿ ಹತ್ರ ಹಿಡದು ಮುರದು,
"ಇದು ಮಾತಾಡವಲ್ದು ನೋಡು," ಅಂದಳು.

ಊರಾಗ ಆರು ತಿಂಗಳ ಇಟ್ರೂ
ಹಪ್ಪಳ ಮುರದಂಗ ಚಟ್ ಅಂತಿದ್ವು.
ಇಲ್ಲೆ ಗಾಳಿ ಉಪ್ಪನೀರ ಕುಡದು ಕುಡದು ಬೆವತು
ಗ್ವಾಡಿ, ಕಡ್ಡಿಪೆಟ್ಟಗಿ, ದೇವರ ಫೋಟೋದ ಗಾಜು,
ಎಲ್ಲಾದರ ಮ್ಯಾಲೂ ಅಂಗೈ ಊರಿ ಹೋಗತೈತಿ.

ಮಂಗೋರ ಗುಡ್ಡದ ಮ್ಯಾಲ ಒಂದ ಖೋಲಿ.
ಬಾಗಲಾ ತೆಗದ್ರ ಬಂದರ, ಕ್ರೇನು, ನಿಂತ ಹಡಗ.
ಬಂದ ಮೊದಲನೇ ಮುಂಜಾನೆ ಅತ್ತಿ
ಹಣಿಗೆ ಕೈ ಅಡ್ಡ ಹಿಡದು ಭಾಳ ಹೊತ್ತು ನೋಡಿದಳು.
"ಇಷ್ಟು ದೊಡ್ಡ ಕೆರಿ ಇಟಗೊಂಡು
ಒಂದು ಎಕರೆ ಜೋಳಾನೂ ಬಿತ್ತಿಲ್ಲಲ್ಲ,
ಎಂಥಾ ಮಂದಿ ಇವ್ರು!"

ಇವರು ಹಡಗಿನ ತುಕ್ಕ ಕೆರಿಯೂ ಕೆಲಸಕ್ಕ ಹೋಗತಾರ.
ಹಗ್ಗದ ತೊಟ್ಟಲದಾಗ ಕುಂತು
ಸುತ್ತಿಗಿಲೆ ಬಡದು ಬಡದು
ಸಂಜಿಗೆ ಹುಬ್ಬೆಲ್ಲಾ ಕೆಂಪ.
ಜಳಕಾ ಮಾಡಿದ ನೀರು
ಹೊಸಾ ಇಳಕಲ್ ಸೀರಿ ಒಗದಂಗ ಮೋರಿಗುಂಟ ಹರೀತೈತಿ.
ಉಣ್ಣುಮುಂದ ದನಿ ಜೋರ,
ಕಿವ್ಯಾಗ ಇನ್ನೂ ಹಡಗ ಬಡೀತಿರತೈತಿ.
"ಚಟ್ನಿ ಕೊಡು" ಅಂದಿದ್ದು ಓಣಿ ತುಂಬ ಕೇಳಸ್ತೈತಿ.
ಆಯ್ತವಾರ ಬಯಣಾ ದಂಡಿಗೆ ಹೋದ್ರ
ಸಮುದ್ರಕ್ಕ ಬೆನ್ನ ಮಾಡಿ ಕುಂದರತಾರ,
"ವಾರೆಲ್ಲಾ ಅದರ ಮಾರಿ ನೋಡೀನಿ," ಅಂತಾರ.

ಬಿಳಿ ಅರಬಿ ಹೊರಗ ಒಣಹಾಕೂದು ಬಿಟ್ಟೀನಿ.
ಬಂದರದ ಕಲ್ಲಿದ್ದಲ ಪುಡಿ
ಹೇಳದ ಕೇಳದ ಬರೂ ಬೀಗರಂಗ ಬಂದು
ಮಗನ ಸಾಲಿ ಅಂಗಿ ಮ್ಯಾಲ ಕುಂದರತೈತಿ.

ಅಂವ ಒಂದಿನ ಅತಗೋತ ಬಂದ,
"ನನಗ ಘಾಟಿ, ಘಾಟಿ ಅಂತಾರ."
ಘಟ್ಟ ಇಳದು ಬಂದವ್ರಿಗೆ ಇಲ್ಲಿ ಬೈಗಳ ಅದು.
ಅತ್ತಿ ಎಲಿಗೆ ಸುಣ್ಣ ಹಚಗೋತ ನಕ್ಕಳು.
"ನಮ್ಮವ್ವಗೂ ಊರ ಮಂದಿ ಹಂಗ ಅಂತಿದ್ರಪಾ.
ಸಂತ್ಯಾಗ ಅಕಿನ ಕೂಡ ಚೌಕಾಸಿಗೆ
ಯಾರೂ ನಿಂದರತಿದ್ದಿಲ್ಲ, ಅಷ್ಟು ಘಾಟಿ ಅಕಿ."
ತಿಳೀತೋ ಬಿಟ್ಟೀತೋ,
ಮರುದಿನ ಅಂಗಿ ಗುಂಡಿ ಎಲ್ಲಾ ಹಾಕ್ಕೊಂಡು ಹೋದ.

ಮಗಳು ಸುಗಲಾ ಬ್ಯಾರೆ.
ಮನಿ ಮಾಲಕಿ ಎಸ್ಮೆರಾಲ್ದಾ ಬಾಯಿ ಅಂಗಳದಾಗ ಕೊಂಕಣಿ ಕಲತಾಳ,
ನಿದ್ದಿಗಣ್ಣಾಗ "ಯೋ ಗೋ, ಯೋ" ಅಂತ
ಯಾರನ್ನೋ ಕರೀತಾಳ.

ಬ್ಯಾಸ್ತವಾರ ಸಂಜಿಗೆ ಅಕಿಗೆ ಹೆಳಲ ಹಾಕುಮುಂದ
ಅಕಿ ಬಳ್ಳಿಂದ ವಾಸನಿ ಬಂತು.
ಕೊಬ್ರಿ, ಹುಣಸಿಹಣ್ಣು, ಅದರಡಿಗೆ
ಬಾಂಗಡಿ.
ನಮ್ಮ ಕೊಳ್ಳಾಗ ಲಿಂಗ.
ನಮ್ಮ ಗಡಿಗ್ಯಾಗ ಏಳು ತಲಿಯಿಂದ ತತ್ತೀನೂ ಬೆಂದಿಲ್ಲ.
ಹಣಗಿ ಕೂದಲ ನಡುವ ನಿಂತಬಿಡ್ತು.
ಅಕಿ ಕನ್ನಡ್ಯಾಗಿಂದ ನನ್ನ ನೋಡಿ, ಮೆಲ್ಲಕ,
"ಯವ್ವಾ, ಮೆತ್ತನ್ನ ರೊಟ್ಟಿ ಆ ಸಾರಿಗೆ ಭಾಳ ಚಲೋ ಆಗತಾವ,"
ಅಂದಳು.
ನಾ ಹೆಳಲ ಬಿಗಿ ಮಾಡಿದೆ,
ಅಕಿ "ಸ್ಸ್" ಅನ್ನೂವಷ್ಟು.

ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಹಂಚಿಟ್ಟೆ.
ಇಪ್ಪತ್ತು ರೊಟ್ಟಿ ಮತ್ತ ಕಾಸಿ, ಖಡಕ್ ಮಾಡಿ,
ನಾತಾಳ ಹಬ್ಬಕ್ಕ ಎಸ್ಮೆರಾಲ್ದಾ ಬಾಯಿ ಕೊಟ್ಟ ಬಿಸ್ಕಿಟ್ ಡಬ್ಬಿಯೊಳಗ
ಗಾಳಿ ಆಡದಂಗ ಮುಚ್ಚಿದೆ.
ಅವು ಅತ್ತಿ ಕಿವಿಗೆ.
ಕತ್ತಲಾಗ ಹಡಗೊಂದು ಎರಡ ಸಲ ಕೂಗಿತು.
ಉಳದ ಎರಡು ರೊಟ್ಟಿ
ಖಿಡಕಿ ಕಟ್ಟಿ ಮ್ಯಾಲ ಇಟ್ಟೆ,
ಸಮುದ್ರದ ಕಡೆ,
ಏನೂ ಮುಚ್ಚದ.